ಮಗ್ಗದ ಎಡಬದಿ

ರಾಜಕೀಯ ಎಂದರೇನು ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ನಾನು ತೆಲುಗಿನಲ್ಲಿ ಎರಡು ಪುಟ ಬರೆದಿದ್ದೆ. ಈಗ ಮಕ್ತಲದಲ್ಲಿ ಮಕ್ಕಳಿಗೆ ಅದೇ ಪಾಠ ಹೇಳುತ್ತೇನೆ, ಹಕ್ಕಿನ ಮಾತು ಬಂದಾಗ ಬೇಗ ಪುಟ ತಿರುವಿಬಿಡುತ್ತೇನೆ. ಗದ್ವಾಲದ ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಹಾಗಿರಲಿಲ್ಲ. ತೆಲಂಗಾಣ ರಾಜ್ಯ ಬಂದು ಕೆಲವು ವರ್ಷಗಳಾಗಿದ್ದವು, ನನ್ನ ಕಾಲು ನೆಲದ ಮೇಲಿರಲಿಲ್ಲ. ಹಕ್ಕು, ಪ್ರಜೆ ಎನ್ನದೆ ಮನೆಯಲ್ಲಿ ಒಂದು ಲೋಟ ನೀರು ಕೂಡ ಕೇಳುತ್ತಿರಲಿಲ್ಲ.

ನಮ್ಮದು ಗದ್ವಾಲದ ಹತ್ತಿರ ಇಟಿಕ್ಯಾಲದ ಕಡೆಯ, ಕನ್ನಡ ಮಾತಾಡುವ ನೇಕಾರರ ಮನೆ. ನಮ್ಮ ಸೀರೆಗೆ ಒಡಲು ಹತ್ತಿ, ಅಂಚು ರೇಷ್ಮೆ. ಎರಡನ್ನೂ ನೇಯುವಾಗಲೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು, ಅದಕ್ಕೆ ಒಂದೇ ಮಗ್ಗದಲ್ಲಿ ಇಬ್ಬರು ಕೂರಬೇಕು. ಬಲಕ್ಕೆ ಅಪ್ಪ, ಎಡಕ್ಕೆ ಅವನ ಒಬ್ಬನೇ ತಮ್ಮ, ನನ್ನ ಕಾಕಾ. ನಾಲ್ಕು ಮನೆ ಆಚೆ ಇದ್ದ ಕಾಕಾ ಬೆಳಿಗ್ಗೆ ಯಾರೂ ಕರೆಯದೆ ಬಂದು ಕೂರುತ್ತಿದ್ದ.

ಪಂಚಾಯಿತಿ ಚುನಾವಣೆ ಬಂತು. ನಮ್ಮ ಅಜ್ಜಿಯ ಪಿಂಚಣಿಗಾಗಿ ಆಫೀಸು ಅಲೆದಿದ್ದ ನೆರೆಯವನೊಬ್ಬ ವಾರ್ಡಿಗೆ ನಿಲ್ಲುತ್ತೇನೆಂದು ಮನೆಗೆ ಬಂದ. ಅಪ್ಪ ದೇವರ ಮುಂದಿನ ವಿಭೂತಿ ಮುಟ್ಟಿ ವೋಟಿನ ಮಾತು ಕೊಟ್ಟುಬಿಟ್ಟ. ನಾಮಪತ್ರದ ಕೊನೆಯ ದಿನ ಯಾರೋ ಕಾಕಾನನ್ನೂ ಹುರಿದುಂಬಿಸಿ ಅದೇ ವಾರ್ಡಿಗೆ ನಿಲ್ಲಿಸಿದರು. ವಿಭೂತಿ ಮುಟ್ಟಿದ ಮನುಷ್ಯ ಮಾತು ತಪ್ಪುವುದುಂಟೇ? ತಮ್ಮನಿಗೆ ಹೇಳುವ ಧೈರ್ಯವೂ ಬರಲಿಲ್ಲ. ಕೊಟ್ಟ ಮಾತಿನಂತೆ ವೋಟು ಹಾಕಿ ಬಂದ. ಕಾಕಾ ಸೋತ.

ಅಂದು ಅಪ್ಪ ಉಣ್ಣಲಿಲ್ಲ. ಎಲ್ಲವನ್ನೂ ನನ್ನ ಮುಂದೆ ತೋಡಿಕೊಂಡ.

“ಹೇಳಿಬಿಡಪ್ಪಾ. ವೋಟು ನಿನ್ನ ಹಕ್ಕೈತಿ. ಅಂಜೂದ್ಯಾಕ?” ಎಂದೆ.

“ಹಕ್ಕು ಇರ್ಲವ್ವ. ಅಂವ ನನ್ನ ತಮ್ಮ ಅದಾನ.”

“ಮುಚ್ಚಿಟ್ರ ಮೋಸ ಆಗ್ತೈತಿ.”

ಎಂಥ ಜಂಬ ನನ್ನದು! ಮರುದಿನ ಮಗ್ಗದಲ್ಲಿ ಅಪ್ಪ ಹೇಳಿಯೇಬಿಟ್ಟ. ಕಾಕಾ ಲಾಳಿಯನ್ನು ಮೆಲ್ಲಗೆ ಕೆಳಗಿಟ್ಟ, ಮಗ್ಗದ ಕೆಳಗಿನ ಕುಣಿಯಿಂದ ಕಾಲು ಮೇಲೆತ್ತಿಕೊಂಡ.

“ಮೊದಲ ಹೇಳಿದ್ರ ನಾ ನಿಲ್ಲತಿದ್ದಿಲ್ಲಣ್ಣಾ,” ಎಂದಷ್ಟೇ ಅಂದು ಎದ್ದು ಹೋದ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಆಮೇಲೆ ಅಪ್ಪ ಒಬ್ಬನೇ ಆ ಬದಿ ಈ ಬದಿ ಜರುಗುತ್ತ ನೇಯ್ದ. ವಾರದ ಕೆಲಸ ತಿಂಗಳಿಗೆ ಬಂತು. ಬೇರೆಯವರನ್ನು ಕೂರಿಸಿಕೊ ಎಂದರೆ “ಬರ್ತಾನ ತಗೊ” ಎನ್ನುತ್ತಿದ್ದ. ದಿನವೂ ಬೆಳಿಗ್ಗೆ ಕಾಕಾನ ಲಾಳಿಗೆ ನೂಲು ತುಂಬಿ ಎಡಬದಿಗೆ ಇಡುತ್ತಿದ್ದ. ಎರಡು ವರ್ಷ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಕಾಕಾ ಮಗ್ಗದ ಹತ್ತಿರ ಹೋದ. ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಎಡ ಅಂಚು ಒಡಲಿಗೆ ಕೂಡುವ ಕಡೆ ಬೆರಳಾಡಿಸಿದ.

“ಜೋಡು ಸಡ್ಲ ಬಿಟ್ಟಾನವ್ವ,” ಎಂದ. “ನನ್ನ ಕರೀಬಾರದಿತ್ತೇನು? ದಿನಾ ಮುಂಜಾನೆ ಅಂಗಿ ತೊಟ್ಟು ಬಾಗಲದಾಗ ಕುಂದರತಿದ್ದೆ.”

ನಾನು ಗೋಡೆ ಹಿಡಿದು ಅತ್ತೆ. ಅಪ್ಪನಿಗೆ ಹೇಳು ಹೇಳು ಎಂದು ದುಂಬಾಲು ಬಿದ್ದವಳು ನಾನು. ಕಾಕಾ ಕೂತಿದ್ದ ಆ ಬಾಗಿಲ ಮುಂದೆಯೇ ಎರಡು ವರ್ಷ ಪುಸ್ತಕ ಹಿಡಿದು ಗದ್ವಾಲದ ಬಸ್ಸಿಗೆ ಹೋದವಳೂ ನಾನೇ. ಒಂದು ದಿನವೂ ನಿಂತು, ಕಾಕಾ, ಬಾ ಅನ್ನಲಿಲ್ಲ.