ನಿಂಗರಾಜ ಸರ್ ಬರೆದ ಪರೀಕ್ಷೆ

ಸವದತ್ತಿಯ ಒಂದು ಖಾಸಗಿ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ನಿಂಗರಾಜ ಹದಿನಾಲ್ಕು ವರ್ಷದಿಂದ ಇನ್‌ಸ್ಟ್ರಕ್ಟರ್. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಅದೂ ಅಲ್ಲೇ. ಡಿಪ್ಲೊಮಾ ಮುಗಿಸಿದವರು ಒಂದು ಪ್ರವೇಶ ಪರೀಕ್ಷೆ ಬರೆದರೆ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಆ ಪರೀಕ್ಷೆಯ ಗಣಿತವನ್ನು ಅವನು ರವಿವಾರ ರವಿವಾರ ಪುಕ್ಕಟೆ ಹೇಳಿಕೊಡುತ್ತಿದ್ದ. ಹಾಗೆ ದಾಟಿಹೋದ ಹುಡುಗರು ನೂರಕ್ಕೂ ಮಿಕ್ಕಿ.

ಅವನೂ ಹೋಗಬೇಕೆಂದೇ ಇದ್ದವನು. ಕೆಲಸಕ್ಕೆ ಸೇರುವಾಗ ಸಂಸ್ಥೆಯ ಸೆಕ್ರೆಟರಿ ಮಹಾಂತಪ್ಪನವರು ಅವನ ಮೂಲ ಅಂಕಪಟ್ಟಿಗಳನ್ನು ಇಸಗೊಂಡು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡರು. "ಒಂದ ವರ್ಷ ಇರಪಾ, ಆಮ್ಯಾಲ ಹೋಗೀಯಂತ" ಎಂದರು. ಮರುವರ್ಷವೂ ಅದೇ ಮಾತು. ಒಮ್ಮೆಯೂ ಗದರಲಿಲ್ಲ, ಹೆಗಲ ಮೇಲೆ ಕೈಯಿಟ್ಟೇ ಹೇಳುತ್ತಿದ್ದರು. ಅದಕ್ಕೇ ಅವನಿಗೆ ಎದುರಾಡಲು ಬಾಯಿ ಬರಲಿಲ್ಲ.

ಕಳೆದ ವರ್ಷ ವಿಭಾಗದ ಮುಖ್ಯಸ್ಥೆಯಾಗಿ ಬಂದವಳು ಮಂಜುಳಾ. ಅವನ ರವಿವಾರದ ಪಾಠದಲ್ಲೇ ಕಲಿತು ದಾಟಿದವಳು. ಒಂದು ದಿನ ಅವಳು ವರ್ಕ್‌ಶಾಪಿಗೆ ಬಂದಾಗ ನಿಂಗರಾಜ ಎದ್ದು ನಿಂತ.

"ಕುಂತ್ಕೋರಿ ಸರ್. ನೀವು ಎದ್ದು ನಿಂತ್ರ ನನಗ ಹ್ಯಾಂಗೋ ಆಗತೈತಿ" ಎಂದಳು. ಆಮೇಲೆ, "ಈ ಸಲ ನೀವೂ ಬರೀರಿ."

ಯರಗಟ್ಟಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ರಾಜೇಶ್ವರಿಯೂ, "ಮೂರು ವರ್ಷ ಮನಿ ನಾ ನೋಡ್ಕೋತೇನಿ" ಎಂದಳು.

ಅಂಕಪಟ್ಟಿಯ ಝೆರಾಕ್ಸ್ ಅವನ ಹತ್ತಿರ ಇತ್ತು, ಅದರ ಮೇಲೇ ಅರ್ಜಿ ಹಾಕಿದ. ಬೆಳಗಾವಿಯ ಪರೀಕ್ಷಾ ಕೇಂದ್ರದಲ್ಲಿ ಅವನ ರವಿವಾರದ ಪಾಠದ ಹುಡುಗನೊಬ್ಬ ಕೇಳಿದ: "ಸರ್, ನೀವು ಇಲ್ಲಿ ಸೂಪರ್‌ವೈಜರ್ ಏನ್ರಿ?"

"ಇಲ್ಲಪಾ. ನಂದೂ ನಂಬರ್ ಐತಿ."

ಒಳ್ಳೆಯ ರ‍್ಯಾಂಕ್ ಬಂತು, ಬೆಳಗಾವಿಯಲ್ಲೇ ಸೀಟೂ ಸಿಕ್ಕಿತು. ಸೇರಲು ಮೂಲ ಅಂಕಪಟ್ಟಿ ತೋರಿಸಬೇಕು, ಹತ್ತು ದಿನ ಅವಕಾಶ. ಮಹಾಂತಪ್ಪನವರು ಇಲ್ಲ ಅನ್ನಲಿಲ್ಲ. ನಾಳೆ ಬಾ ಎಂದರು, ಸೋಮವಾರ ಬಾ ಎಂದರು. ಮಂಜುಳಾ ತಾನೇ ಹೋಗಿ ಕೇಳಿದಾಗ, "ನಿಂಗರಾಜನಂಗ ಕಲಸಾಂವ ಇನ್ನೊಬ್ಬನ್ನ ಹುಡುಕಿ ಕೊಡ್ರಿ, ಈಗ ಕೊಡತೇನಿ" ಎಂದು ನಕ್ಕರು.

ಕಡೆಯ ದಿನ ಬೆಳಿಗ್ಗೆಯಿಂದ ನಿಂಗರಾಜ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಹನ್ನೆರಡಾಯಿತು, ಎರಡಾಯಿತು. ಬೆಳಗಾವಿ ಮುಟ್ಟಲು ಎರಡೂವರೆ ತಾಸು ಬೇಕು, ಅಲ್ಲಿ ಐದಕ್ಕೆ ಆಫೀಸು ಮುಚ್ಚುತ್ತದೆ. ಮೂರಕ್ಕೆ ಅವನು ಗಡಿಯಾರ ನೋಡುವುದನ್ನು ಬಿಟ್ಟ. ಐದೂವರೆಗೆ ಮಹಾಂತಪ್ಪನವರು ಬಂದರು, ಕಪಾಟು ತೆಗೆದು ಲಕೋಟೆಯನ್ನು ತಾವಾಗಿ ಅವನ ಕೈಗಿಟ್ಟರು.

"ಇವತ್ತ ಕಡೀ ದಿನಾ ಅಂತ ಹೇಳಬಾರದಿತ್ತೇನಪಾ?"

ಅವನು ಐದು ಸಲ ಹೇಳಿದ್ದ. ಲಕೋಟೆಯನ್ನು ಬಗಲಿಗಿಟ್ಟುಕೊಂಡು ಹೊರಬಿದ್ದ.

ಮನೆಯಲ್ಲಿ ರಾಜೇಶ್ವರಿ ಲಕೋಟೆ ಬಿಚ್ಚಿ ನೋಡಿದಳು. ಹಾಳೆಗಳ ಅಂಚು ಹಳದಿಯಾಗಿತ್ತು. "ಇನ್ನರೆ ಬಿಡ್ರಿ ಆ ಕೆಲಸಾನ. ಈಗ ನಿಮ್ಮನ್ನ ಹಿಡಿಯೂದು ಏನ್ ಉಳದೈತಿ?" ಎಂದಳು.

ರವಿವಾರ ಪಾಠಕ್ಕೆ ಹೋಗಬಾರದೆಂದು ಗಟ್ಟಿ ಮನಸ್ಸು ಮಾಡಿ, ಹತ್ತರವರೆಗೆ ಬನಿಯನ್ನಿನಲ್ಲೇ ಕೂತಿದ್ದ. ಆಗ ಫೋನ್ ಬಂತು. ರಾಮದುರ್ಗದಿಂದ ಮೊದಲ ಬಸ್ಸಿಗೆ ಬಂದ ಹುಡುಗಿಯರು ಎಂಟರಿಂದ ಗೇಟಿನ ಹತ್ತಿರ ನಿಂತಿದ್ದರು.

"ಸರ್, ಬರತೀರೇನ್ರಿ? ಇಲ್ಲಾಂದ್ರ ಹೊಳ್ಳಿ ಹೋಗತೇವ್ರಿ."

ರಾಜೇಶ್ವರಿ ಅಡುಗೆಮನೆಯ ಬಾಗಿಲಿಗೆ ಬಂದು ಅವನ ಮುಖವನ್ನೇ ನೋಡುತ್ತ ನಿಂತಳು.

"ನಿಂದರ್ರಿ, ಬಂದೆ" ಎಂದು ಅವನು ಅಂಗಿ ಹುಡುಕಲು ಎದ್ದ.