ಡಿಸೆಂಬರ್ ಮೂವತ್ತೊಂದರ ಕುದುರೆಮರಿ

ಡಿಸೆಂಬರ್ ಇಪ್ಪತ್ತೊಂಬತ್ತರ ಬೆಳಿಗ್ಗೆ ಎಂಟೂವರೆಗೆ ಕುಶಾಲನಗರದಲ್ಲಿ ಬಸ್ ಹತ್ತಿದೆ. ಆಧಾರ್ ತೋರಿಸಿದ್ದಕ್ಕೆ ಸೊನ್ನೆ ರೂಪಾಯಿಯ ಟಿಕೆಟ್ ಸಿಕ್ಕಿತು. ಸಿದ್ದಾಪುರದವರೆಗೂ ಮಂಜು ಹರಿಯಲಿಲ್ಲ. ಗೋಣಿಕೊಪ್ಪದಲ್ಲಿ ಇಳಿದು ಎರಡು ಇಡ್ಲಿ ತಿಂದು, ಮುಕ್ಕಾಲು ಗಂಟೆ ಕಾದು ಬಾಳೆಲೆಯ ಬಸ್ ಹಿಡಿದೆ. ಅಲ್ಲಿಂದ ತೋಟಕ್ಕೆ ಆಟೊ, ಎಂಬತ್ತು ರೂಪಾಯಿ. “ವಾಪಸ್ ಹೋಗೋದಾದ್ರೆ ಐದರೊಳಗೆ ಫೋನ್ ಮಾಡಿ ಅಕ್ಕ, ಆಮೇಲೆ ನಾನು ಬರಲ್ಲ. ಆನೆ ಉಂಟು” ಎಂದ ಆಟೊದವನು.

ಆ ತೋಟದಲ್ಲಿ ನನ್ನ ತಮ್ಮ ಲೋಕೇಶ ರೈಟರ್. ಆಳುಗಳ ಹಾಜರಿ ಪುಸ್ತಕ ಅವನ ಕೈಯಲ್ಲಿ. ತೋಟದ ಯಜಮಾನರಿಗೆ ಮೈಸೂರಿನಲ್ಲಿ ಓಡುತ್ತಿದ್ದ ಒಂದು ರೇಸ್ ಕುದುರೆ ಇತ್ತು. ಮುಂಗಾಲು ಕೆಟ್ಟ ಮೇಲೆ ಅದನ್ನು ಕಾಗದಪತ್ರದ ಸಮೇತ ಇವನಿಗೇ ಕೊಟ್ಟುಬಿಟ್ಟರು. ಅದು ಗೆದ್ದದ್ದು ಒಂದೇ ಸಲ. ಆದರೆ ಅದರ ತಾಯಿ ಹಾಕಿದ ಮರಿಗಳಲ್ಲಿ ಮೂರು ಗೆದ್ದಿದ್ದವಂತೆ. ಹೆಣ್ಣು ಕುದುರೆ ಓಟ ಬಿಟ್ಟ ಮೇಲೆ ಅದರ ಬೆಲೆ ಕಾಲಿನಲ್ಲಿಲ್ಲ, ಹೊಟ್ಟೆಯಲ್ಲಿದೆ ಎಂದು ಲೋಕೇಶ ಫೋನಿನಲ್ಲಿ ವಿವರಿಸಿದ್ದ. ತನ್ನ ಎರಡೆಕರೆಯ ಎರಡು ವರ್ಷದ ಮೆಣಸಿನ ದುಡ್ಡನ್ನೆಲ್ಲ ಹಾಕಿ, ಲಾರಿಯಲ್ಲಿ ಮೈಸೂರಿನಾಚೆಯ ಒಂದು ಫಾರಂಗೆ ಒಯ್ದು, ಅಲ್ಲಿನ ಗಂಡು ಕುದುರೆ ಕೊಡಿಸಿ ಗಬ್ಬ ಕಟ್ಟಿಸಿಕೊಂಡು ಬಂದಿದ್ದ. ಹಸುವಿನ ಹಾಗೆ ಇಂಜೆಕ್ಷನ್ ನಡೆಯುವುದಿಲ್ಲ. ಹಾಗೆ ಹುಟ್ಟಿದ ಮರಿಯನ್ನು ಈ ತಳಿಯ ದಾಖಲೆ ಪುಸ್ತಕಕ್ಕೇ ಸೇರಿಸುವುದಿಲ್ಲ. ಕರು ಹಾಕಿಸಿ ಅಭ್ಯಾಸವಿದ್ದವಳೆಂದು ನನ್ನನ್ನು ಕರೆಸಿದ್ದ.

ಕಾಗದದಲ್ಲಿ ಕುದುರೆಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಮನೆಯಲ್ಲಿ ಕೆಂಪಿ ಎಂದೇ ಕರೆಯುತ್ತಿದ್ದರು. ಅದನ್ನು ನೋಡಿಕೊಳ್ಳಲು ಮೈಸೂರಿನ ಲಾಯದಲ್ಲಿ ದುಡಿದು ನಿವೃತ್ತರಾದ ಬಾಷಾ ಭಾಯಿ ಬಂದಿದ್ದರು. ನಾನು ಹೋದಾಗ ಅವರು ಕೆಂಪಿಯ ಕೆಚ್ಚಲು ನೋಡುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದರು. ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಟ್ಟಿತ್ತು.

“ಒಂದು ದಿನ, ಇಲ್ಲ ಎರಡು ದಿನ” ಎಂದರು.

“ನಾಲ್ಕನೇ ತಾರೀಕಿಗಲ್ವಾ ಭಾಯಿ ಹನ್ನೊಂದು ತಿಂಗಳು?” ಲೋಕೇಶನ ದನಿ ಸಣ್ಣಗಾಯಿತು.

“ಕ್ಯಾಲೆಂಡರ್ ನಿಮ್ಮ ಮನೇಲಿ ಐತೆ ಸಾರ್. ಲಾಯದಲ್ಲಿ ಇಲ್ಲ.”

ಅವನ ಸಂಕಟ ನನಗೆ ಊಟದ ಹೊತ್ತಿಗೆ ಅರ್ಥವಾಯಿತು. ರೇಸ್ ತಳಿಯ ಕುದುರೆ ಯಾವಾಗಲೇ ಹುಟ್ಟಲಿ, ಕಾಗದದಲ್ಲಿ ಅದಕ್ಕೆ ವಯಸ್ಸಾಗುವುದು ಜನವರಿ ಒಂದಕ್ಕೆ. ಜನವರಿ ಮೊದಲ ವಾರದ ಮರಿಗೆ ಇಡೀ ವರ್ಷ ಬೆಳೆಯಲು ಸಿಗುತ್ತದೆ. ಮಾರಾಟದಲ್ಲಿ ದೊಡ್ಡದಾಗಿ ಕಾಣುತ್ತದೆ. ಡಿಸೆಂಬರ್ ಕೊನೆಗೆ ಹುಟ್ಟಿದ್ದು ಮರುದಿನವೇ ಒಂದು ವರ್ಷದ್ದು. ತನಗಿಂತ ವರ್ಷ ದೊಡ್ಡವುಗಳ ಜೊತೆ ಓಡಬೇಕು, ಅಂಥದ್ದನ್ನು ಕೊಳ್ಳುವವರಿಲ್ಲ. ಫಾರಂನವರು ಫೆಬ್ರವರಿ ಮಧ್ಯದವರೆಗೆ ಕಾಯಿರಿ ಎಂದಿದ್ದರಂತೆ. ಇವನೇ ಬೆರಳು ಮಡಚಿ ಎಣಿಸಿ, ಎಲ್ಲರಿಗಿಂತ ಮುಂಚಿನ ಮರಿ ಬೇಕೆಂದು ಫೆಬ್ರವರಿ ನಾಲ್ಕಕ್ಕೇ ಗಂಡು ಕೊಡಿಸಿದ್ದ.

“ನನ್ನ ಎರಡು ಹೆರಿಗೆಗೂ ಇವರು ತಾರೀಕು ಕೇಳಿದವರಲ್ಲ” ಎಂದಳು ಅವನ ಹೆಂಡತಿ ಲೀಲಾ, ಅವರೆಕಾಳಿನ ಸಾರು ಬಡಿಸುತ್ತ.

ಮೂವತ್ತನೆಯ ತಾರೀಕು ಬಿಸಿಲು ಚೆನ್ನಾಗಿತ್ತು. ಕಣದಲ್ಲಿ ಕಾಫಿ ಒಣಗುತ್ತಿತ್ತು. ಲೋಕೇಶ ಪಿಕ್ಕಿಂಗ್ ನೋಡಲು ಹೋದವನು ಗಂಟೆಗೊಮ್ಮೆ ಲಾಯಕ್ಕೆ ಬಂದು, “ಇನ್ನೆರಡು ದಿನ ಕಣೇ” ಎಂದು ಕೆಂಪಿಗೆ ಹೇಳಿ ಹೋಗುತ್ತಿದ್ದ. ಅದು ಹುಲ್ಲು ಮೇಯುತ್ತಿತ್ತು.

ಮೂವತ್ತೊಂದರ ಬೆಳಿಗ್ಗೆ ಆರಕ್ಕೆ ನಾನು ಎದ್ದು ಹೋಗುವಷ್ಟರಲ್ಲಿ ಮರಿ ಹುಟ್ಟಿ ಗಂಟೆಯಾಗಿತ್ತು. ಗಂಡು. ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಊರಿ ನಿಂತು ಹಾಲು ಹುಡುಕುತ್ತಿತ್ತು. ನನ್ನಿಂದ ಯಾವ ಸಹಾಯವೂ ಬೇಕಾಗಿರಲಿಲ್ಲ. ಲೋಕೇಶ ಹೊರಗೆ ಗೋಡೆಗೊರಗಿ ನಿಂತಿದ್ದ; ಒಳಗೆ ಬಂದಿರಲಿಲ್ಲ.

ಒಂಬತ್ತಕ್ಕೆ ಗೋಣಿಕೊಪ್ಪದಿಂದ ದನದ ಡಾಕ್ಟರು ಬಂದರು. ಮರಿಯ ಎದೆ, ಹೊಕ್ಕುಳು ನೋಡಿ, “ಒಳ್ಳೆ ಗಟ್ಟಿ ಉಂಟು” ಎಂದು ಕೈ ತೊಳೆದರು. ಲೋಕೇಶ ಟವೆಲ್ ಕೊಡುತ್ತ ಹೇಳಿದ.

“ಸಾರ್, ಹೊಸ ವರ್ಷಕ್ಕೆ ಹತ್ತೊಂಬತ್ತು ಗಂಟೆ ಮುಂಚೆ ಹುಟ್ಟಿದೆ, ಅಷ್ಟೇ. ನೀವು ನಾಳೆ ಬಂದಿದ್ದರೆ ಇದು ನಾಳೆಯದ್ದೇ ಅಲ್ವಾ?”

ಡಾಕ್ಟರು ಕೈ ಒರೆಸಿ ಮುಗಿಸಿದರು. “ನಾನು ಬಂದಾಯ್ತಲ್ಲ ಲೋಕೇಶ.”

“ನೋಡಿದ್ರೆ ಗೊತ್ತಾಗುತ್ತಾ ಭಾಯಿ, ಒಂದು ದಿನದ ವ್ಯತ್ಯಾಸ?” ಲೋಕೇಶ ಬಾಷಾ ಭಾಯಿಯ ಕಡೆ ತಿರುಗಿದ.

“ಯಾರಿಗೂ ಗೊತ್ತಾಗಲ್ಲ ಸಾರ್” ಎಂದರು ಬಾಷಾ ಭಾಯಿ. ಅದು ನಿಜವೇ ಆಗಿತ್ತು.

“ಹುಟ್ಟು ದಾಖಲಿಸುವ ಅರ್ಜಿ ತುಂಬುವವನು ನೀನು. ನನ್ನನ್ನು ಕೇಳಿದರೆ, ನೋಡಿದ ದಿನ ಬರೀತೇನೆ” ಎಂದು ಡಾಕ್ಟರು ಕಾಫಿ ಕುಡಿದು ಹೊರಟರು.

ಮಧ್ಯಾಹ್ನವೆಲ್ಲ ಅರ್ಜಿ ಊಟದ ಮೇಜಿನ ಮೇಲಿತ್ತು. ಹೀಗೆ ಬರೆ, ಹಾಗೆ ಬರೆ ಎನ್ನಲು ಎರಡು ವರ್ಷದ ಮೆಣಸು ನನ್ನದಾಗಿರಲಿಲ್ಲ. ನಾಲ್ಕು ಗಂಟೆಗೆ ಆಳುಗಳ ಲೈನುಮನೆಯ ಹೆಂಗಸೊಬ್ಬಳು ಬಾಗಿಲಿಗೆ ಬಂದು, ನಿನ್ನೆ ಬಾರದ ತನ್ನ ಗಂಡನಿಗೂ ಒಂದು ಹಾಜರಿ ಹಾಕಿಕೊಡಿ ರೈಟರ್ರೇ ಎಂದು ಕೇಳಿದಳು. “ಬಾರದವನಿಗೆ ಹೇಗಮ್ಮ ಹಾಕೋದು” ಎಂದ ಲೋಕೇಶ, ಯಾವಾಗಲೂ ಹೇಳುವಂತೆ. ಅವಳು ಹೋದ ಮೇಲೂ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಬಂದು ಕೂತು, ತಾರೀಕಿನ ಜಾಗದಲ್ಲಿ ಮೂವತ್ತೊಂದು ಎಂದು ಬರೆದು, ಪೆನ್ನು ಮುಚ್ಚಿದ.

“ಇನ್ನು ಇದನ್ನೇನು ಮಾಡ್ತೀಯ?” ಎಂದೆ.

“ಸವಾರಿ ಕಲಿಸೋರು ಯಾರಾದ್ರೂ ತಗೊಂಡಾರು. ಕೆಂಪಿಗೆ ಮತ್ತೆ ಗಂಡು ಕೊಡಿಸೋದು ಈ ವರ್ಷ ಆಗಲ್ಲ ಅಕ್ಕ. ಮೆಣಸು ಆಗಲಿ.”

ಜನವರಿ ಒಂದರ ಬೆಳಿಗ್ಗೆ ಆಟೊ ಏಳೂವರೆಗೇ ಬಂತು. ಪಿಕ್ಕಿಂಗ್‌ಗೆ ಹೊರಟ ಹೆಂಗಸರು ಚೀಲ ಹೆಗಲಿಗೆ ಹಾಕಿಕೊಂಡು ಲಾಯದ ಬೇಲಿಗೆ ಸಾಲಾಗಿ ನಿಂತಿದ್ದರು. ಮರಿ ಮಲಗಲು ನೋಡುತ್ತಿತ್ತು. ಅಷ್ಟುದ್ದದ ಕಾಲು ಎಲ್ಲಿ ಮಡಚಬೇಕೆಂದು ತಿಳಿಯದೆ ಎರಡು ಸಲ ಎದ್ದು ನಿಂತಿತು.

“ಎಷ್ಟು ದಿನ ಆಯ್ತು ರೈಟರ್ರೇ ಇದಕ್ಕೆ?” ಎಂದು ಒಬ್ಬಾಕೆ ಕೇಳಿದಳು.

ಬಾಷಾ ಭಾಯಿ ನಕ್ಕು, “ಇವತ್ತಿಗೆ ಒಂದು ವರ್—” ಎಂದು ಶುರುಮಾಡಿದರು.

“ನಿನ್ನೆ ಹುಟ್ಟಿದ್ದು” ಎಂದ ಲೋಕೇಶ. ಎಂದವನು, ಮೊದಲ ಸಲ, ಬೇಲಿ ದಾಟಿ ಮರಿಯ ಹತ್ತಿರ ಹೋದ.