ದನಿ ಬಿಟ್ಟುಹೋದ ಬೇಸಿಗೆ

ನಮ್ಮ ಸಿಸ್ಟರ್ ಕೆಲಸ ಬಿಟ್ಟದ್ದು ಕೋಡಿಹಳ್ಳಿ ಕಡೆಯ ಒಂದು ಊರಿನಲ್ಲಿ, ನಡು ಮಧ್ಯಾಹ್ನ, ಜೀಪಿನ ಹಿಂದಿನ ಸೀಟಿನಲ್ಲಿ ಕೂತಲ್ಲೇ. ಜಗಳವಿರಲಿಲ್ಲ, ಮುನಿಸಿರಲಿಲ್ಲ. ಜೀಪು ನಿಂತಿತು, ನಾನು ಇಳಿದೆ. ಔಷಧಿ ಪೆಟ್ಟಿಗೆ ಕೊಡಲಿ ಎಂದು ಕೈ ಚಾಚಿದರೆ ಅವಳು ಅದನ್ನು ಮಡಿಲಲ್ಲಿ ಅವುಚಿಕೊಂಡು ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದಳು.

"ಇಳಿ, ಹೊತ್ತಾಯ್ತು" ಅಂದೆ.

"ನಾನು ಇಳಿಯಾಕಿಲ್ಲ ಕಣಕ್ಕ."

"ಯಾಕೆ, ಕಾಲು ನೋಯ್ತಿದೆಯಾ?"

"ಇಲ್ಲ. ಆಯ್ತಾ ಇಲ್ಲ ನನ್ ಕೈಲಿ. ನೀನೋಗು."

ನಾವು ಮಾಡುತ್ತಿದ್ದ ಕೆಲಸ ಇಷ್ಟು. ರಾಮನಗರದಲ್ಲಿ ಒಂದು ಸಣ್ಣ ಟ್ರಸ್ಟು. ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿಬಿಟ್ಟ ರೋಗಿಗಳ ಮನೆಗಳಿಗೆ ಹೋಗಿ ನೋಡಿಕೊಳ್ಳುವುದು. ಕ್ಯಾನ್ಸರಿನ ಕೊನೆಯ ಹಂತದವರು, ಲಕ್ವ ಹೊಡೆದವರು, ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು. ಟ್ರಸ್ಟು ನಡೆಸುವ ಡಾಕ್ಟರಮ್ಮ ಆಫೀಸಿನಿಂದ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು, ತೀರ ಬೇಕಾದಾಗ ತಾವೇ ಬರುತ್ತಿದ್ದರು. ಉಳಿದಂತೆ ಜೀಪಿನಲ್ಲಿ ನಾವು ಮೂವರೇ: ಸಿಸ್ಟರ್, ನಾನು, ಡ್ರೈವರ್. ಗಾಯ ತೊಳೆಯುವುದು, ನೋವಿಗೆ ಮಾತ್ರೆ ಕೊಡುವುದು ಸಿಸ್ಟರ್ ಕೆಲಸ. ನನ್ನದು ಮಾತಿನ ಕೆಲಸ. ಇನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಒದ್ದಾಡಿಸುವುದು ಬೇಡ, ಇಲ್ಲೇ ನೆಮ್ಮದಿಯಾಗಿ ಇಟ್ಟುಕೊಳ್ಳೋಣ ಎಂಬ ಮಾತನ್ನು ಮನೆಯವರಿಗೆ ಮೆಲ್ಲಗೆ ಹೇಳಬೇಕಾದವಳು ನಾನು. ಆ ಮಾತಿಗೊಂದು ದನಿ ಬೇಕು. ಅದು ನನಗಿದೆ ಎಂದು ಎಲ್ಲರೂ ಹೇಳುತ್ತಿದ್ದರು.

ಅವತ್ತು ಪೆಟ್ಟಿಗೆ ಇಸಿದುಕೊಂಡು ನಾನೊಬ್ಬಳೇ ಒಳಗೆ ಹೋದೆ. ಅಲ್ಲಿದ್ದದ್ದು ಎದೆಯಲ್ಲಿ ಹುಣ್ಣಾಗಿದ್ದ ಒಬ್ಬ ಅಜ್ಜಿ. ಸಿಸ್ಟರ್ ಮಾಡುವುದನ್ನು ನೋಡಿ ನೋಡಿ ಗೊತ್ತಿದ್ದಂತೆ ಬಟ್ಟೆ ಬದಲಿಸಿದೆ. ಅಜ್ಜಿ ಬಾಗಿಲ ಕಡೆಗೇ ಕಣ್ಣಿಟ್ಟಿತ್ತು.

"ಆ ಮಗ ಎಲ್ಲವ್ವ?"

"ಹುಷಾರಿಲ್ಲ ಅಜ್ಜಿ."

"ಅವ್ಳ್ಗೂ ಹುಷಾರು ತಪ್ತದಾ?" ಎಂದು ಅಜ್ಜಿ ನಿಜಕ್ಕೂ ಬೆರಗಾಗಿ ಕೇಳಿತು.

ಸಾತನೂರಿನ ಮೇಲೆ ಹಾಯ್ದು ಸಿಸ್ಟರನ್ನು ಚನ್ನಪಟ್ಟಣಕ್ಕೆ ಬಿಟ್ಟೆವು. ಸದಾ ಹಾಡು ಹಾಕುತ್ತಿದ್ದ ಡ್ರೈವರ್ ಅಂದು ರೇಡಿಯೋ ಮುಟ್ಟಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಸಿಸ್ಟರ್ ತನ್ನೂರು ಹೊಂಗನೂರಿನ ಬಸ್ಸಿನ ಕಡೆ ನಡೆದಳು, ತಿರುಗಿ ನೋಡಲಿಲ್ಲ. ಮಾರನೆಯ ದಿನ ಅವಳು ಬರಲಿಲ್ಲ. "ಸ್ವಲ್ಪ ದಿನ ಬಿಡಿ, ಸರಿಹೋಗ್ತಾಳೆ" ಎಂದರು ಡಾಕ್ಟರಮ್ಮ. ಆ ಸ್ವಲ್ಪ ದಿನ ತಿಂಗಳುಗಳಾದವು. ಫೋನು ಮಾಡಿದರೆ ರಿಂಗಾಗಿ ನಿಲ್ಲುತ್ತಿತ್ತು.

ಇನ್ನೊಬ್ಬ ನರ್ಸು ಸಿಗಲಿಲ್ಲ. ದೊಡ್ಡ ಆಸ್ಪತ್ರೆಯ ಕೆಲಸ ಬಿಟ್ಟು ಹಳ್ಳಿಹಳ್ಳಿ ಅಲೆಯಲು ಯಾರು ಬರುತ್ತಾರೆ? ಹೊಸ ಗಾಯಗಳನ್ನು ಡಾಕ್ಟರಮ್ಮನೇ ನೋಡಿದರು, ಹಳೆಯವು ನನ್ನ ಪಾಲಿಗೆ ಬಂದವು. ದೂರದ ಕೆಲವು ಮನೆಗಳನ್ನು ಬಿಡಬೇಕಾಯಿತು. ಬೆಳಿಗ್ಗೆ ಕನಕಪುರದ ಕಡೆ, ಮಧ್ಯಾಹ್ನ ಮಾಗಡಿಯ ಕಡೆ. ಸಂಜೆ ರಾಮನಗರದ ರೇಷ್ಮೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮಹಡಿ ಮೇಲಿದ್ದ ನನ್ನ ಬಾಡಿಗೆ ಕೋಣೆಯ ಬೀಗ ತೆಗೆಯುವಾಗ ಒಳಗಿನಿಂದ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ನಾನು ಒಬ್ಬಳೇ ಇರುವವಳು. ಅದು ನನಗೆ ರೂಢಿ, ಅದರ ಬಗ್ಗೆ ದೂರಿಲ್ಲ. ಆದರೆ ಇಡೀ ದಿನ ಜನರ ನಡುವೆ ಇದ್ದು ಬಂದ ಮೇಲೆ ಆಗುತ್ತಿದ್ದ ಒಂಟಿತನ ಬೇರೆ ಥರದ್ದು. ಕೆಳಗಿನ ಮನೆಯಾಕೆ ಮೆಟ್ಟಿಲ ಬಳಿ ಸಿಕ್ಕಿದರೆ "ಪುಣ್ಯದ ಕೆಲಸ ಮಾಡ್ತಿದ್ದೀರ ಬುಡಿ" ಎಂದು ಹೇಳಿ ಸರಕ್ಕನೆ ಒಳಗೆ ಹೋಗುತ್ತಿದ್ದಳು. ಒಳ್ಳೆಯವಳೇ. ಆದರೆ ಪುಣ್ಯದ ಕೆಲಸ ಅಂದಮೇಲೆ ಮಾತು ಅಲ್ಲಿಗೆ ಮುಗಿಯಿತು. ಪುಣ್ಯ ಮಾಡುವವರಿಗೆ ಬೇಸರವಾಗುತ್ತದೆ, ಊಟ ಸೇರುವುದಿಲ್ಲ ಎಂದು ಯಾರಿಗೂ ಅನ್ನಿಸುವುದಿಲ್ಲ. ತುಮಕೂರಿನಲ್ಲಿರುವ ನನ್ನ ಅಕ್ಕ ಕೂಡ ಫೋನಿನಲ್ಲಿ "ನಿನ್ನ ಕೆಲಸದ ವಿಷಯ ಬೇಡ ಕಣೆ, ಕೇಳಿದ್ರೆ ಸಂಕಟ ಆಗುತ್ತೆ" ಅನ್ನುತ್ತಿದ್ದಳು. ನನಗೆ ಬೇರೆ ವಿಷಯವೇ ಇರಲಿಲ್ಲ. ಹಾಗಾಗಿ ಅವಳ ಮನೆಯ ಮಾವಿನ ಉಪ್ಪಿನಕಾಯಿಯ ಬಗ್ಗೆ ಮಾತಾಡಿ ಇಡುತ್ತಿದ್ದೆವು.

ಒಂದು ದಿನ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ನನ್ನ ತೋಳು ಹಿಡಿದು ಅಳುತ್ತಿದ್ದಾಗ, ನಾನು ಅವಳ ಬೆನ್ನು ಸವರುತ್ತಲೇ ಮನೆಯಲ್ಲಿ ಬಿಟ್ಟು ಬಂದ ಮೊಸರು ಹುಳಿಯಾಗಿರಬಹುದೇ ಎಂದು ಯೋಚಿಸುತ್ತಿದ್ದೆ. ಕೈ ಸರಿಯಾಗಿಯೇ ಸವರುತ್ತಿತ್ತು. ಬಾಯಿ ಸರಿಯಾದ ಮಾತನ್ನೇ ಆಡುತ್ತಿತ್ತು. ನಾನು ಮಾತ್ರ ಅಲ್ಲಿರಲಿಲ್ಲ.

ಬೇಸಿಗೆ ಏರುತ್ತಿದ್ದ ಹಾಗೆ ದನಿ ಒಡೆಯತೊಡಗಿತು. ಧೂಳಿಗೆ ಎಂದುಕೊಂಡು ಬಿಸಿನೀರು ಕುಡಿದೆ. ಚನ್ನಪಟ್ಟಣದ ಹತ್ತಿರ ಒಂದು ಮನೆಯಲ್ಲಿ ಲಿವರ್ ಕ್ಯಾನ್ಸರಿನ ರೋಗಿಯೊಬ್ಬರ ಅಣ್ಣನನ್ನು ಜಗಲಿಗೆ ಕರೆದು ಕೂರಿಸಿಕೊಂಡೆ. ದೊಡ್ಡ ಮೈಯ, ರಾಗಿ ಹೊಲದಿಂದ ನೇರ ಬಂದ ಮನುಷ್ಯ. ನಾನು ನೂರಾರು ಬಾರಿ ಹೇಳಿದ ಆ ಮಾತನ್ನು ಹೇಳಲು ಬಾಯಿ ತೆರೆದೆ. ಉಸಿರು ಬಂತು, ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದೆ. ಗಾಳಿ ಮಾತ್ರ. ನಾನು ಅಳು ತಡೆದುಕೊಂಡಿದ್ದೇನೆ ಎಂದುಕೊಂಡ ಆತ, ತನ್ನ ಎರಡೂ ಕೈಗಳಿಂದ ನನ್ನ ಕೈ ಹಿಡಿದ.

"ಗೊತ್ತಾಯ್ತು ಬುಡವ್ವ. ನೀನು ಬಾಯ್ಬುಟ್ಟು ಏಳ್ಬೇಡ. ನಮ್ಗೂ ಗೊತ್ತೈತೆ. ಲೇ, ಒಸಿ ನೀರು ತತ್ತಾರ್ಲಾ ಈಯಮ್ಮಂಗೆ!"

ನೀರು ಬಂತು, ಹಿಂದೆಯೇ ಮಜ್ಜಿಗೆ ಬಂತು. ತಮ್ಮನನ್ನು ಒಳಗೆ ಮಲಗಿಸಿಕೊಂಡಿದ್ದ ಮನೆಯವರೆಲ್ಲ ನನ್ನ ಸುತ್ತ ಕೂತು ನನಗೆ ಗಾಳಿ ಬೀಸಿದರು. ಆ ಒರಟು ಕೈ ನನ್ನ ಕೈ ಬಿಡಲಿಲ್ಲ. ಯಾರಾದರೂ ನನ್ನ ಕೈಯನ್ನು ಹಾಗೆ ಹಿಡಿದು ಎಷ್ಟು ಕಾಲವಾಗಿತ್ತು ಎಂದು ನೆನಪಾಗಲಿಲ್ಲ. ಆಗ ನಿಜವಾಗಿಯೂ ಅತ್ತೆ.

ಗಂಟಲಿನ ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿದರು. ಏನೂ ಇಲ್ಲ ಎಂದರು. ಮಾತಾಡದೆ ಇರಿ, ಕೆಲಸದಿಂದ ದೂರ ಇರಿ, ತಾನಾಗಿ ಬರುತ್ತದೆ. ಯಾವಾಗ ಎಂದು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದೆ. "ಬಂದಾಗ" ಎಂದರು.

ಮನೆಯಲ್ಲಿ ಕೂತೆ. ಮೊದಮೊದಲು ರೋಗಿಗಳ ಮನೆಗಳಿಂದ ಫೋನು ಬಡಿದುಕೊಳ್ಳುತ್ತಲೇ ಇತ್ತು. ಎತ್ತಿದರೆ ನನ್ನಿಂದ ಮಾತು ಹೊರಡದು, ಆ ಕಡೆಯವರು ಹಲೋ ಹಲೋ ಎಂದು ಇಟ್ಟುಬಿಡುತ್ತಿದ್ದರು. ಆಮೇಲೆ ಕರೆಗಳೆಲ್ಲ ಡಾಕ್ಟರಮ್ಮನ ಕಡೆ ತಿರುಗಿಕೊಂಡವು, ನನ್ನ ಫೋನು ತಣ್ಣಗಾಯಿತು. ಅಷ್ಟು ವರ್ಷ ಊಟದ ಹೊತ್ತಿಗೂ ಬಿಡದೆ ಕರೆಯುತ್ತಿದ್ದವರಿಗೆ ಬೇಕಾಗಿದ್ದದ್ದು ನನ್ನ ದನಿ. ಅದಿಲ್ಲದ ನನ್ನನ್ನು ಕರೆಯಲು ಯಾರಿಗೂ ಕಾರಣವಿರಲಿಲ್ಲ. ಅವರ ತಪ್ಪಲ್ಲ ಅದು, ಅವರ ಮನೆಯಲ್ಲಿ ರೋಗಿಯಿದ್ದಾರೆ. ಆದರೂ ಮಧ್ಯಾಹ್ನದ ಹೊತ್ತು ಕಿಟಕಿಯಿಂದ ಕಾಣುವ ಬೋಳು ಬಂಡೆ ಬಿಸಿಲಿಗೆ ಕಾಯುವುದನ್ನು ನೋಡುತ್ತಾ, ಈ ಊರಿನಲ್ಲಿ ನನ್ನನ್ನು ಬಲ್ಲವರು ಯಾರು ಎಂದು ಕೇಳಿಕೊಂಡರೆ ಒಂದು ಮುಖವೂ ತೋಚುತ್ತಿರಲಿಲ್ಲ. ತರಕಾರಿಯವಳು ಬೆರಳು ತೋರಿಸಿ ಕೊಳ್ಳುವ ನನ್ನನ್ನು ಹುಟ್ಟು ಮೂಗಿ ಎಂದುಕೊಂಡು ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಹಾಕುತ್ತಿದ್ದಳು. ಅವಳ ಹತ್ತಿರ ದಿನಾ ಹೋಗತೊಡಗಿದೆ.

ಒಂದು ಬೆಳಿಗ್ಗೆ ಎದ್ದವಳೇ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ, ಅಲ್ಲಿಂದ ಹೊಂಗನೂರಿಗೆ ಹೋದೆ. ಸಿಸ್ಟರ್ ತನ್ನ ತಾಯಿಯ ಜೊತೆ ಹುಳದ ಮನೆಯಲ್ಲಿದ್ದಳು. ರೇಷ್ಮೆ ಹುಳುಗಳು ಕೊನೆಯ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದಿದ್ದವು. ಗೂಡು ಕಟ್ಟುವ ಮುನ್ನ ಅವು ಹೊಟ್ಟೆ ಬಿರಿಯೆ ತಿನ್ನುವ ಹೊತ್ತು ಅದು. ತಟ್ಟೆಗಳ ತುಂಬ ಸೊಪ್ಪು ಮೇಯುವ ಸದ್ದು ಸಣ್ಣಗೆ ತುಂಬಿಕೊಂಡಿತ್ತು. ನನ್ನನ್ನು ಕಂಡು ಅವಳು ಸೊಪ್ಪಿನ ಕಂತೆ ಹಿಡಿದೇ ನಿಂತಳು.

"ಏನಕ್ಕ? ಬಯ್ಯಕ್ ಬಂದ್ಯಾ?"

ಗಂಟಲು ಮುಟ್ಟಿ, ಕೈ ಅಲ್ಲಾಡಿಸಿ ತೋರಿಸಿದೆ. ಮೊದಲು ನಕ್ಕಳು. ನಾನು ಆಟವಾಡುತ್ತಿಲ್ಲವೆಂದು ತಿಳಿದು ನಗು ನಿಲ್ಲಿಸಿದಳು. ಏನೂ ಕೇಳದೆ ಅರ್ಧ ಕಂತೆ ನನ್ನ ಕೈಗೆ ಹಾಕಿದಳು. ಇಬ್ಬರೂ ಸೊಪ್ಪು ಹರಡುತ್ತಾ ಹೋದೆವು. ನನ್ನ ಬಾಯಿ ಕಟ್ಟಿದ್ದರಿಂದಲೋ ಏನೋ, ಅವಳು ಮಾತಾಡಿದಳು.

"ಅವತ್ತು ಜೀಪು ನಿಂತಿದ್ದು ಯಾರ್ ಮನೆ ಮುಂದೆ ಗೊತ್ತಾ? ಅಜ್ಜಿ ಮನೆಗೆ ಮುಂಚೆ, ಅದೇ ಬೀದೀಲಿ ಮರದಿಂದ ಬಿದ್ದಿದ್ದ ಅಣ್ಣ ಇದ್ರಲ್ಲ, ಅವ್ರ ಮನೆ. ಹಿಂದಿನ ವಾರ ತೀರೋದ್ರು. ಅವ್ರ ಬಾಯಿ ಒರೆಸ್ದೋಳು ನಾನು. ಮಾರ್ನೆ ದಿನ ಬೆಳಿಗ್ಗೆ ಮೇಡಮ್ಮು ಹೊಸಬ್ರ ವಿಳಾಸ ಕೊಟ್ರು, ಜೀಪ್ ಹತ್ತುದ್ವಿ. ಅವ್ರ ಮಾತು ಯಾರೂ ಎತ್ಲಿಲ್ಲ. ಯಾರೂ ಸತ್ತೇ ಇಲ್ವೇನೋ ಅನ್ನಂಗೆ. ಅವತ್ತು ಅವ್ರ ಬಾಗ್ಲಲ್ಲಿ ಬೀಗ ನೋಡ್ದೆ. ಕಾಲೇ ಏಳ್ಲಿಲ್ಲ ಕಣಕ್ಕ."

ಫೋನಿನಲ್ಲಿ 'ವಾಪಸ್ ಬಾ' ಎಂದು ಬರೆದು ತೋರಿಸಿದೆ. ಅವಳು ಓದಿ ತಲೆಯಾಡಿಸಿದಳು.

"ಇಲ್ಲ. ನಾ ಬರಲ್ಲ. ಇಲ್ಲಿ ನಂಗೆ ನಿದ್ದೆ ಬತ್ತದೆ. ಮೇಡಮ್ಮಂಗೆ ಒಂದ್ ಮಾತು ಏಳು. ಯಾರಾದ್ರೂ ತೀರೋದ್ರೆ ಮನೇಲಿ ಸೂತಕ ಅಂತ ಕೆಲ್ಸ ಬುಡ್ತೀವಿ. ಅವ್ರನ್ನ ವರ್ಸಗಟ್ಲೆ ನೋಡ್ಕಂಡೋರ್ಗೆ ಒಂದಿನಾನೂ ಬ್ಯಾಡ್ವಾ?"

ಅವಳ ತಾಯಿ ಉಪ್ಸಾರು, ಮುದ್ದೆ ಬಡಿಸಿದರು. ಸಂಜೆ ಬಸ್ಸಿಗೆ ಬಿಡಲು ಬಂದ ಸಿಸ್ಟರ್, ಫೋನು ಮಾಡ್ತೀನಿ ಎಂದಳು. ಮಾಡಿದಳು ಕೂಡ. ನನ್ನಿಂದ ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ, ಹುಳ ಗೂಡಿಗೆ ಬಂದದ್ದು, ಕರು ಹಾಕಿದ ಹಸು, ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಇಡುತ್ತಿದ್ದಳು.

ದನಿ ವಾಪಸಾದದ್ದು ಮುಂಗಾರಿನ ಮೊದಲ ಹನಿಗಳು ಬೀಳುವ ಹೊತ್ತಿಗೆ. ಒಲೆಯ ಮೇಲೆ ಹಾಲು ಉಕ್ಕಿತು, "ಅಯ್ಯೋ" ಅಂದೆ. ಅಂದದ್ದು ಕಿವಿಗೆ ಕೇಳಿಸಿತು. ಮೊದಲಿನ ದನಿಯಲ್ಲ, ಬಿರುಕು ಬಿಟ್ಟದ್ದು. ಈಗಲೂ ಅದೇ ದನಿ.

ಆ ದನಿಯಲ್ಲೇ ಡಾಕ್ಟರಮ್ಮನಿಗೆ ಸಿಸ್ಟರ್ ಹೇಳಿದ್ದನ್ನು ಹೇಳಿದೆ. ಅವರು ಒಪ್ಪಲಿಲ್ಲ.

"ನೋವಲ್ಲಿ ಬಿದ್ದಿರೋರಿಗೆ ಇವತ್ತು ನಮಗೆ ರಜಾ ಅಂತ ಹೇಳೋಕಾಗುತ್ತಾ?"

"ಆಗಲ್ಲ ಮೇಡಂ. ಆದರೆ ಸಿಸ್ಟರ್ ಹೋದ್ಮೇಲೆ ದೂರದ ಮನೆಗಳನ್ನ ಬಿಟ್ವಿ. ನಾನೂ ಬಿದ್ದೆ. ನಾಳೆ ನೀವು ಬಿದ್ರೆ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನನ್ನ ಯಾರೂ ಹೀಗೆ ಕೇಳೇ ಇರ್ಲಿಲ್ಲ" ಎಂದರು. ಅವರಿಗೆ ಬೆಳಿಗ್ಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲವಂತೆ. ಮನೆಯವರಿಗೆ ಮಂಡಿ ನೋವು ಎಂದು ಸುಳ್ಳು ಹೇಳುತ್ತಿದ್ದರಂತೆ. ಒಂದೇ ಕಟ್ಟಡದಲ್ಲಿ, ಒಂದೇ ಜೀಪಿನಲ್ಲಿ ಇದ್ದ ನಾವೆಲ್ಲ ಬೇರೆ ಬೇರೆ ಬಾಗಿಲು ಹಾಕಿಕೊಂಡು ಕೂತಿದ್ದೆವು.

ಅಂದಿನಿಂದ ಒಂದು ಕಟ್ಟಳೆ ಮಾಡಿಕೊಂಡೆವು. ನಾವು ನೋಡಿಕೊಂಡವರು ತೀರಿಹೋದರೆ ಮಾರನೆಯ ದಿನ, ತೀರಾ ತುರ್ತಿಲ್ಲದೆ ಜೀಪು ಹೊರಡುವುದಿಲ್ಲ. ಬುಧವಾರ ನನಗೆ ರಜೆ, ನನ್ನ ಫೋನು ಡಾಕ್ಟರಮ್ಮನ ಹತ್ತಿರ ಇರುತ್ತದೆ; ಭಾನುವಾರ ಅವರಿಗೆ ರಜೆ, ಅವರ ಫೋನು ನನ್ನ ಹತ್ತಿರ ಇರುತ್ತದೆ. ಕೋಡಿಹಳ್ಳಿ ಕಡೆಯ ಅಜ್ಜಿ ತೀರಿಕೊಂಡಾಗ ಮೊದಲ ಸಲ ಹಾಗೆ ಜೀಪು ನಿಲ್ಲಿಸಿ ಆಫೀಸಿನಲ್ಲಿ ಒಟ್ಟಿಗೆ ಕೂತೆವು. ಟೀ ಆರಿತು. ಕೊನೆಗೆ ಬಾಗಿಲ ಬಳಿ ನಿಂತಿದ್ದ ಡ್ರೈವರ್ ಕೆಮ್ಮಿದರು.

"ಅಜ್ಜಿ ನನ್ನ ಒಳಕ್ ಕರೀತಿತ್ತು ಮೇಡಂ. ಡ್ರೈವರ್ಗೆ ಒಳಗೇನ್ ಕೆಲ್ಸ ಅಂತ ನಾನೇ ಓಯ್ತಿರ್ಲಿಲ್ಲ. ಒಂದ್ಸಲ ಓಗಿ ಮಾತಾಡ್ಸ್ಬೌದಿತ್ತು." ಅಷ್ಟು ಹೇಳಿ ಗೋಡೆಗೆ ಮುಖ ಮಾಡಿ ಅತ್ತರು. ಅವರನ್ನು ಕುರ್ಚಿಗೆ ಕೂರಿಸಿದೆವು. ಆಮೇಲೆ ಪ್ರತಿ ಸಲವೂ ಅವರಿಗೊಂದು ಕುರ್ಚಿ ಇದ್ದೇ ಇರುತ್ತದೆ.

ಇದರಿಂದ ಒಂಟಿತನ ಕಳೆಯಿತು ಎಂದು ಹೇಳಲಾರೆ. ಬುಧವಾರಗಳು ಕಷ್ಟ. ಬಟ್ಟೆ ಒಗೆದು, ಅಡುಗೆ ಮಾಡಿ ಮುಗಿಸಿದ ಮೇಲೆ ಮಧ್ಯಾಹ್ನ ಹಾಗೇ ಬಿದ್ದಿರುತ್ತದೆ. ಬೇರೆಯವರ ಸಂಕಟವಿಲ್ಲದಾಗ ನಾನು ಯಾರು ಎಂದು ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ಆದರೆ ಯಾರಾದರೂ ಕೈ ಹಿಡಿದು ಅತ್ತಾಗ ಈಗ ನಾನು ಅಲ್ಲಿಯೇ ಇರುತ್ತೇನೆ.

ಹೋದ ವರ್ಷ ಮಾಗಡಿ ಕಡೆಯ ಹೊಸ ನರ್ಸ್ ಒಬ್ಬಳು ಸೇರಿದ್ದಾಳೆ, ಚಿಕ್ಕ ವಯಸ್ಸಿನವಳು. ಗುಡೇಮಾರನಹಳ್ಳಿಯಲ್ಲಿ ಅವಳು ಬಹಳ ಹಚ್ಚಿಕೊಂಡಿದ್ದ ರೋಗಿಯೊಬ್ಬರು ನಮ್ಮ ಕಣ್ಣೆದುರೇ ಹೋದರು. ವಾಪಸು ಬರುವಾಗ ಅವಳು ಕಿಟಕಿಯಾಚೆ ನೋಡುತ್ತಾ, "ಅಕ್ಕ, ಇವತ್ತು ನಂಗೆ ಮನೆಗೆ ಓಗಕ್ ಮನಸಿಲ್ಲ" ಎಂದಳು. ನನ್ನ ಕೋಣೆಗೆ ಕರೆತಂದೆ. ಮಾತಾಡಬಹುದು ಎಂದುಕೊಂಡು ಅನ್ನಕ್ಕಿಟ್ಟೆ. ಅವಳು ಎರಡೇ ತುತ್ತು ಉಂಡು, ದೀಪ ಹಚ್ಚುವ ಹೊತ್ತಿಗೇ ಚಾಪೆಯ ಮೇಲೆ ಮಲಗಿ ನಿದ್ದೆ ಹೋದಳು. ಅವಳ ತಾಯಿಗೆ ಫೋನು ಮಾಡಿದೆ.

"ಯಾಕವ್ವ, ಮಗೀಗೆ ಏನಾದ್ರೂ ಆಯ್ತಾ?" ಎಂದರು ಆಕೆ ಗಾಬರಿಯಾಗಿ.

"ಏನಿಲ್ಲಮ್ಮ, ಸುಸ್ತಾಗಿದ್ದಾಳೆ, ಮಲಗಿದ್ದಾಳೆ. ನಾಳೆ ನಮಗೆ ಕೆಲಸ ಇಲ್ಲ. ನಾಷ್ಟಾ ಮಾಡಿಸಿ ನಾನೇ ಕರ್ಕೊಂಡು ಬರ್ತೀನಿ" ಎಂದೆ.